ರೋಗಿ ತಾನೇ ತೆಗೆದುಕೊಳ್ಳಲಾಗದ ಔಷಧಿ



ಕಾಯಿಲೆಯವರಿರುವ ಮನೆಯಲ್ಲಿ ಔಷಧಿಯ ಡಬ್ಬಿಯೊಂದು ಇದ್ದೇ ಇರುತ್ತದೆ. ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಕೆಮ್ಮಿನ ಸಿರಪ್ಪು, ಇವನ್ನೆಲ್ಲ ರೋಗಿಯು ಸಾಮಾನ್ಯವಾಗಿ ತನ್ನ ಕೈಯಿಂದಲೇ ತೆಗೆದುಕೊಳ್ಳುತ್ತಾನೆ. ಆದರೆ ರೋಗಿಯು ತಾನೇ ಎಂದೂ ತೆಗೆದುಕೊಳ್ಳಲಾಗದ ಒಂದು ಔಷಧಿ ಇದೆ. ಅದು ಬೇಕಾಗುವ ಹೊತ್ತಿಗೆ ಆತನಿಗೆ ಪ್ರಜ್ಞೆ ಇರುವುದಿಲ್ಲ. ಪಕ್ಕದಲ್ಲಿರುವ ಹೆಂಡತಿಯೋ, ಮಗನೋ, ಸೊಸೆಯೋ, ನೆರೆಯವರೋ ಅದನ್ನು ಕೊಡಬೇಕು. ಆದುದರಿಂದ ವೈದ್ಯರು ಈ ಔಷಧಿಯ ಚೀಟಿಯನ್ನು ರೋಗಿಯ ಹೆಸರಿಗೆ ಬರೆದರೂ ಅದರ ಪಾಠವನ್ನು ಮನೆಯವರು ಕಲಿತಿರಬೇಕು.

ಆ ಔಷಧಿಯ ಹೆಸರು ನಲೋಕ್ಸೋನ್. ಅಫೀಮು ವರ್ಗದ ಔಷಧಿ ದೇಹದಲ್ಲಿ ಮಿತಿಮೀರಿದಾಗ ನಿಂತುಹೋಗುತ್ತಿರುವ ಉಸಿರನ್ನು ಅದು ಮರಳಿ ತರುತ್ತದೆ. ಅಮೆರಿಕದಲ್ಲಿ ಇಂದು ಅದು ಮನೆಮಾತಾಗಿದೆ. ನಮ್ಮವರ ಮಕ್ಕಳು, ಅಳಿಯಂದಿರು ಅನೇಕರು ಆ ದೇಶದಲ್ಲಿದ್ದಾರೆ. ಇತ್ತ ನಮ್ಮ ನಾಡಿನಲ್ಲಿಯೂ ಕ್ಯಾನ್ಸರ್ ರೋಗಿಗಳು ಮನೆಯಲ್ಲಿಯೇ ಮಾರ್ಫಿನ್ ಮಾತ್ರೆ ನುಂಗುತ್ತಾರೆ. ಈ ಕಾರಣಗಳಿಂದ ಈ ವಿಷಯವನ್ನು ನಾವೂ ತಿಳಿದಿರುವುದು ಒಳ್ಳೆಯದು.

ಉಸಿರು ನಿಲ್ಲುವುದು ಹೇಗೆ?

ಮಾರ್ಫಿನ್, ಕೊಡೀನ್, ಟ್ರಮಡಾಲ್, ಆಕ್ಸಿಕೋಡೋನ್, ಫೆಂಟನಿಲ್, ಮೆಥಡೋನ್ ಇವೆಲ್ಲ ಅಫೀಮು ವರ್ಗಕ್ಕೆ ಸೇರಿದ ಔಷಧಿಗಳು. ಹೆರಾಯಿನ್ ಎಂಬ ಮಾದಕ ವಸ್ತುವೂ ಅದೇ ಕುಟುಂಬದ್ದು. ಇವು ಮಿದುಳಿನ ಕೆಲವು ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಅರಿವನ್ನು ತಗ್ಗಿಸುತ್ತವೆ. ಅದೇ ಗ್ರಾಹಕಗಳು ಉಸಿರಾಟವನ್ನು ನಡೆಸುವ ಕೇಂದ್ರದಲ್ಲಿಯೂ ಇವೆ. ಪ್ರಮಾಣ ಮಿತಿಮೀರಿದರೆ ‘ಉಸಿರೆಳೆದುಕೋ’ ಎಂಬ ಮಿದುಳಿನ ಅಪ್ಪಣೆ ದುರ್ಬಲವಾಗುತ್ತದೆ. ರೋಗಿ ಮೊದಲು ತೂಕಡಿಸುತ್ತಾನೆ, ನಂತರ ಎಬ್ಬಿಸಿದರೂ ಏಳುವುದಿಲ್ಲ, ಕೊನೆಗೆ ಉಸಿರು ನಿಲ್ಲುತ್ತದೆ. ಆಮ್ಲಜನಕ ಸಿಗದ ಮಿದುಳಿಗೆ ಕೆಲವೇ ನಿಮಿಷಗಳಲ್ಲಿ ಹಾನಿ ಆರಂಭವಾಗುತ್ತದೆ. ಆಂಬುಲೆನ್ಸ್ ಬರುವ ತನಕ ಕೈಕಟ್ಟಿ ಕೂತಿರುವಂತಿಲ್ಲ ಎನ್ನುವುದು ಇದಕ್ಕೇ.

ನಲೋಕ್ಸೋನ್ ಅದೇ ಗ್ರಾಹಕಗಳಿಗೆ ಹೋಗಿ ಅಫೀಮು ಔಷಧಿಯನ್ನು ಅಲ್ಲಿಂದ ತಳ್ಳಿ ತಾನು ಕುಳಿತುಕೊಳ್ಳುತ್ತದೆ. ಎರಡು ಮೂರು ನಿಮಿಷಗಳಲ್ಲಿ ಉಸಿರಾಟ ಮರಳಬಹುದು. ಅದಕ್ಕೆ ಅಮಲೇರಿಸುವ ಗುಣವಿಲ್ಲ, ಅದರ ಚಟ ಹತ್ತುವುದಿಲ್ಲ. ದೇಹದಲ್ಲಿ ಅಫೀಮು ವರ್ಗದ ಔಷಧಿ ಇಲ್ಲದವರಿಗೆ ತಪ್ಪಿ ಕೊಟ್ಟರೂ ಹಾನಿಯಾಗುವುದಿಲ್ಲವೆಂದೇ ಹೇಳಬಹುದು. ಆದ್ದರಿಂದ ಅನುಮಾನವಿದ್ದಾಗ ಕೊಡುವುದೇ ಸರಿ ಎಂದು ಕಲಿಸುತ್ತಾರೆ.

ಆಸ್ಪತ್ರೆಯಿಂದ ಮನೆಗೆ ಬಂದ ದಾರಿ

ಈ ಔಷಧಿಗೆ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು 1961ರಲ್ಲಿ. ಜ್ಯಾಕ್ ಫಿಶ್‌ಮನ್ ಮತ್ತು ಮೋಸಸ್ ಲೆವೆನ್‌ಸ್ಟೈನ್ ಇದನ್ನು ರೂಪಿಸಿದವರು. 1971ರಲ್ಲಿ ಅಮೆರಿಕದ ಸರ್ಕಾರ ಬಳಕೆಗೆ ಒಪ್ಪಿಗೆ ನೀಡಿತು. ಆದರೆ ಬಹುಕಾಲ ಅದು ಆಸ್ಪತ್ರೆಗಳಲ್ಲಿ ಮತ್ತು ಆಂಬುಲೆನ್ಸುಗಳಲ್ಲಿ ಮಾತ್ರ ಇತ್ತು. 2003ರಲ್ಲಿ ಫಿಶ್‌ಮನ್ ಅವರ ಮಲಮಗನೇ ಹೆರಾಯಿನ್ ಮಿತಿಮೀರಿ ತೀರಿಕೊಂಡ. ಆ ದಿನಗಳಲ್ಲಿ ನಲೋಕ್ಸೋನ್ ಸಾಮಾನ್ಯ ಮನೆಗಳನ್ನು ತಲುಪಿರಲಿಲ್ಲ. ಮುಂದೆ ಆ ಹುಡುಗನ ತಾಯಿ, ಈ ಔಷಧಿ ಕುಟುಂಬಗಳ ಕೈಗೆ ಸಿಗಬೇಕೆಂದು ಬಹಿರಂಗವಾಗಿ ಹೋರಾಡಿದರು.

ಅಮೆರಿಕದ ಶಿಕಾಗೋ ನಗರದಲ್ಲಿ 1996ರಿಂದಲೇ ಒಂದು ಸ್ವಯಂಸೇವಾ ಸಂಸ್ಥೆ ಮಾದಕ ವ್ಯಸನಿಗಳಿಗೂ ಅವರ ಸಂಗಡಿಗರಿಗೂ ಇದನ್ನು ಹಂಚಿ, ಬಳಸುವ ಬಗೆ ಕಲಿಸತೊಡಗಿತ್ತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಇಂಥ ಅಪಾಯವನ್ನು ಕಣ್ಣಾರೆ ಕಾಣುವ ಸಂಭವವಿರುವ ಎಲ್ಲರಿಗೂ ನಲೋಕ್ಸೋನ್ ದೊರೆಯಬೇಕು, ತರಬೇತಿಯೂ ಸಿಗಬೇಕು ಎಂದು ಸೂಚಿಸಿತು. 2015ರಲ್ಲಿ ಮೂಗಿಗೆ ಹೊಡೆಯುವ ಸ್ಪ್ರೇ ‘ನಾರ್ಕಾನ್’ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇದಕ್ಕೆ ಸೂಜಿ ಬೇಡ, ನರ್ಸ್ ಬೇಡ. 2020ರ ಜುಲೈಯಲ್ಲಿ, ಅಫೀಮು ವರ್ಗದ ನೋವಿನ ಔಷಧಿ ಬರೆದುಕೊಡುವ ವೈದ್ಯರು ನಲೋಕ್ಸೋನ್ ಬಗ್ಗೆಯೂ ರೋಗಿಯೊಡನೆ ಮಾತಾಡಬೇಕೆಂಬ ಸಲಹೆಯನ್ನು ಔಷಧಿಯ ಮಾಹಿತಿಪತ್ರದಲ್ಲಿ ಸೇರಿಸಲು ಅಲ್ಲಿನ ಔಷಧ ಇಲಾಖೆ ಆದೇಶಿಸಿತು. 2023ರ ಮಾರ್ಚ್‌ನಲ್ಲಿ, ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲಿ ಆ ಸ್ಪ್ರೇ ಮಾರಲು ಒಪ್ಪಿಗೆ ದೊರೆಯಿತು.

ಇಷ್ಟೆಲ್ಲ ಏಕೆ ಬೇಕಾಯಿತು ಎಂಬುದನ್ನು ಅಂಕೆಗಳೇ ಹೇಳುತ್ತವೆ. 2022ರಲ್ಲಿ ಅಮೆರಿಕದಲ್ಲಿ ಔಷಧಿ ಹಾಗೂ ಮಾದಕ ವಸ್ತುಗಳು ಮಿತಿಮೀರಿ ಸತ್ತವರು 1,07,000ಕ್ಕೂ ಹೆಚ್ಚು. ಅವರಲ್ಲಿ ನಾಲ್ವರಲ್ಲಿ ಮೂವರ ಸಾವಿನಲ್ಲಿ ಅಫೀಮು ವರ್ಗದ ವಸ್ತು ಇತ್ತು. 2024ರಲ್ಲಿ ಒಟ್ಟು ಸಾವುಗಳು ಸುಮಾರು 80,000ಕ್ಕೆ ಇಳಿದವು. ಈ ಇಳಿಕೆಗೆ ಕಾರಣಗಳು ಹಲವು. ನಲೋಕ್ಸೋನ್ ಜನರ ಕೈಗೆ ಬಂದದ್ದೂ ಅವುಗಳಲ್ಲಿ ಒಂದೆಂದು ತಜ್ಞರು ಎಣಿಸುತ್ತಾರೆ.

ಲಾಸರನ ಹೆಸರಿನ ಒಂದು ಸೇವೆ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ವಿಲ್ಕ್ಸ್ ಎಂಬ ಗುಡ್ಡಗಾಡಿನ ಜಿಲ್ಲೆಯಿದೆ. ಅಲ್ಲಿ ಔಷಧಿ ಮಿತಿಮೀರಿ ಸಾಯುವವರ ಪ್ರಮಾಣ ಇಡೀ ದೇಶದಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿತ್ತು. ಅಲ್ಲಿ ಬಹುಪಾಲು ಸಾವುಗಳಿಗೆ ಕಾರಣವಾದದ್ದು ವೈದ್ಯರೇ ಬರೆದುಕೊಡುವ ಬಗೆಯ ನೋವಿನ ಮಾತ್ರೆಗಳು. ರೋಗಿಗಳ ಆಧ್ಯಾತ್ಮಿಕ ಸೇವೆಯಲ್ಲಿದ್ದ ಫ್ರೆಡ್ ಬ್ರೇಸನ್ ಎಂಬವರು ವೈದ್ಯರು, ಆಸ್ಪತ್ರೆ, ಪೊಲೀಸರು, ಶಾಲೆಗಳು, ಪ್ರಾರ್ಥನಾ ಮಂದಿರಗಳು ಎಲ್ಲವನ್ನೂ ಒಗ್ಗೂಡಿಸಿ ‘ಪ್ರಾಜೆಕ್ಟ್ ಲಾಸರಸ್’ ಎಂಬ ಕಾರ್ಯವನ್ನು ಆರಂಭಿಸಿದರು. ಅಪಾಯ ಹೆಚ್ಚಿರುವ ರೋಗಿಗಳಿಗೆ ವೈದ್ಯರ ಮೂಲಕ ನಲೋಕ್ಸೋನ್ ಪೆಟ್ಟಿಗೆ ಕೊಟ್ಟು, ಬಳಸುವುದನ್ನು ಕಲಿಸಿದರು. ವೈದ್ಯರಿಗೆ ಎಚ್ಚರದಿಂದ ಔಷಧಿ ಬರೆಯುವ ತರಬೇತಿ, ಉಳಿದ ಮಾತ್ರೆಗಳನ್ನು ಹಿಂಪಡೆಯುವ ಏರ್ಪಾಡು, ಇವೂ ಜೊತೆಯಲ್ಲಿ ನಡೆದವು. 2009ರಲ್ಲಿ ಲಕ್ಷಕ್ಕೆ 46ಕ್ಕೂ ಹೆಚ್ಚಿದ್ದ ಸಾವಿನ ಪ್ರಮಾಣ 2010ರಲ್ಲಿ 29ಕ್ಕೆ ಇಳಿಯಿತು.

ಆ ಹೆಸರು ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಿಂದ ಬಂದುದೆಂದು ನಿಮಗೆ ಹೇಳಬೇಕಾಗಿಲ್ಲ. ಬೆಥಾನಿಯದ ಆ ಘಟನೆಯಲ್ಲಿ ಒಂದು ಸಣ್ಣ ವಿವರವಿದೆ. ಲಾಸರನನ್ನು ಸಮಾಧಿಯಿಂದ ಕರೆದವರು ಯೇಸುಸ್ವಾಮಿ. ಆದರೆ ಆತನ ಕೈಕಾಲುಗಳ ಕಟ್ಟುಗಳನ್ನು ಬಿಚ್ಚುವ ಕೆಲಸವನ್ನು ಅವರು ಸುತ್ತ ನಿಂತಿದ್ದವರಿಗೆ ಒಪ್ಪಿಸಿದರು. ನೆರೆಹೊರೆಯವರ ಕೈಗೂ ಅಲ್ಲಿ ಕೆಲಸವಿತ್ತು.

ರೋಗಿಯೊಡನೆ ಮಾತಾಡುವುದು ಹೇಗೆ?

ಈ ಪಾಠದಲ್ಲಿ ಅತ್ಯಂತ ಕಷ್ಟದ ಭಾಗ ಸ್ಪ್ರೇ ಒತ್ತುವುದಲ್ಲ, ಮಾತು ತೆಗೆಯುವುದು. ‘ಮಿತಿಮೀರಿದ ಪ್ರಮಾಣ’ ಎಂಬ ಪದ ಕೇಳಿದೊಡನೆ ರೋಗಿಯು, “ನಾನೇನು ಕುಡುಕನೇ? ವ್ಯಸನಿಯೇ? ಡಾಕ್ಟರು ಕೊಟ್ಟಷ್ಟೇ ತಗೋತೀನಿ” ಎಂದು ನೊಂದುಕೊಳ್ಳುತ್ತಾನೆ. ಮನೆಯವರೂ ಮುಖ ತಗ್ಗಿಸುತ್ತಾರೆ. ಆದ್ದರಿಂದ ಅನುಭವಿ ನರ್ಸ್‌ಗಳು ಆಪಾದನೆಯ ಧ್ವನಿ ಬರದಂತೆ ಆರಂಭಿಸುತ್ತಾರೆ: “ಈ ಮಾತ್ರೆ ನೋವಿಗೆ ಒಳ್ಳೆಯದು. ಆದರೆ ಕೆಲವೊಮ್ಮೆ ಉಸಿರಾಟ ನಿಧಾನವಾಗಬಹುದು. ಹಾಗಾದರೆ ಮನೆಯವರು ಏನು ಮಾಡಬೇಕೆಂದು ತೋರಿಸುತ್ತೇನೆ.”

ಬಾವಿಗೆ ಕಟ್ಟೆ ಕಟ್ಟುವುದು ನಮ್ಮ ಮನೆಯ ಮಕ್ಕಳು ಬೀಳುವವರೇ ಎಂಬ ಅನುಮಾನದಿಂದಲ್ಲ. ಹೊಸ ಮನೆಯ ಮಾಳಿಗೆಗೆ ಸುತ್ತ ಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡವೂ ವಿಧಿಸುತ್ತದೆ. ನಲೋಕ್ಸೋನ್ ಮನೆಯಲ್ಲಿರುವುದೂ ಅಂಥದೇ ಮುಂಜಾಗ್ರತೆ.

ಯಾರಿಗೆ ಅಪಾಯ ಹೆಚ್ಚು? ದೊಡ್ಡ ಪ್ರಮಾಣದಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರು. ಅದರೊಡನೆ ನಿದ್ರೆ ಮಾತ್ರೆ ಅಥವಾ ಮದ್ಯ ಸೇವಿಸುವವರು. ಶ್ವಾಸಕೋಶ, ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಇರುವವರು. ನಿದ್ರೆಯಲ್ಲಿ ಉಸಿರು ಕಟ್ಟುವವರು. ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ ಇಲ್ಲವೆ ಸೆರೆಮನೆಯಲ್ಲಿದ್ದು ಕೆಲವು ವಾರ ಬಿಟ್ಟವರು ಮತ್ತೆ ಮೊದಲಿನ ಪ್ರಮಾಣ ತೆಗೆದುಕೊಂಡರೆ ಅಪಾಯ ಬಹಳ ಹೆಚ್ಚು, ಏಕೆಂದರೆ ತಾಳಿಕೊಳ್ಳುವ ಶಕ್ತಿ ಅಷ್ಟರಲ್ಲಿ ಕುಗ್ಗಿರುತ್ತದೆ. ಅಜ್ಜನ ಮಾತ್ರೆಯನ್ನು ಮಿಠಾಯಿ ಎಂದು ಬಾಯಿಗೆ ಹಾಕಿಕೊಳ್ಳುವ ಮೊಮ್ಮಗುವನ್ನೂ ಮರೆಯಬಾರದು.

ಮನೆಯವರು ಕಲಿಯಬೇಕಾದ ಹೆಜ್ಜೆಗಳು

ಮೊದಲು ಗುರುತುಗಳು. ಕರೆದರೂ ಅಲುಗಾಡಿಸಿದರೂ ಏಳದಿರುವುದು. ಉಸಿರು ಬಹಳ ನಿಧಾನವಾಗಿರುವುದು ಅಥವಾ ನಿಂತಿರುವುದು. ಗಂಟಲಿನಲ್ಲಿ ಗೊರಗೊರ ಸದ್ದು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿರುವುದು. ತುಟಿ, ಉಗುರು ನೀಲಿಯಾಗುವುದು. ಕಪ್ಪು ಮೈಬಣ್ಣದವರಲ್ಲಿ ನೀಲಿಗಿಂತ ಬೂದಿಯ ಬಣ್ಣವೇ ಎದ್ದು ಕಾಣುತ್ತದೆ. ‘ಚೆನ್ನಾಗಿ ಗೊರಕೆ ಹೊಡೆಯುತ್ತಿದ್ದಾರೆ, ಮಲಗಲಿ’ ಎಂದು ಬಿಟ್ಟು ಹೋದ ಮನೆಗಳಲ್ಲಿ ಸಾವು ಸಂಭವಿಸಿದೆ. ಇಂಥ ಔಷಧಿ ತೆಗೆದುಕೊಳ್ಳುವವರು ಎಂದೂ ಇಲ್ಲದ ಬಗೆಯಲ್ಲಿ ಗೊರಕೆ ಹೊಡೆದರೆ ಎಬ್ಬಿಸಿ ನೋಡಬೇಕು.

1. ಹೆಸರು ಹಿಡಿದು ಜೋರಾಗಿ ಕರೆಯಿರಿ. ಬೆರಳ ಗಂಟುಗಳಿಂದ ಎದೆಯ ನಡುಮೂಳೆಯನ್ನು ಗಟ್ಟಿಯಾಗಿ ಉಜ್ಜಿ. ಏಳದಿದ್ದರೆ ತಡಮಾಡಬೇಡಿ.

2. ಆಂಬುಲೆನ್ಸಿಗೆ ಫೋನ್ ಮಾಡಿ. ಅಮೆರಿಕದಲ್ಲಿ 911, ನಮ್ಮಲ್ಲಿ 108 ಅಥವಾ 112. ‘ಎಬ್ಬಿಸಿದರೆ ಏಳುತ್ತಿಲ್ಲ, ಉಸಿರಾಡುತ್ತಿಲ್ಲ’ ಎಂದು ಮೊದಲೇ ಹೇಳಿ. ಇಬ್ಬರಿದ್ದರೆ ಒಬ್ಬರು ಫೋನ್ ಮಾಡುವಾಗ ಇನ್ನೊಬ್ಬರು ಔಷಧಿ ತರಲಿ.

3. ರೋಗಿಯನ್ನು ಅಂಗಾತ ಮಲಗಿಸಿ, ಕತ್ತಿನ ಕೆಳಗೆ ಕೈಯಿಟ್ಟು ತಲೆಯನ್ನು ಹಿಂದಕ್ಕೆ ವಾಲಿಸಿ. ಸ್ಪ್ರೇಯ ಹೊದಿಕೆ ಬಿಚ್ಚಿ. ಕೆಲಸ ಮಾಡುತ್ತದೆಯೋ ಎಂದು ಗಾಳಿಯಲ್ಲಿ ಒತ್ತಿ ನೋಡಬೇಡಿ, ಏಕೆಂದರೆ ಅದರಲ್ಲಿರುವುದು ಒಂದೇ ಪ್ರಮಾಣ. ನಿಮ್ಮ ಬೆರಳು ಮೂಗಿಗೆ ತಾಗುವ ತನಕ ತುದಿಯನ್ನು ಒಂದು ಹೊಳ್ಳೆಯೊಳಗೆ ಇಟ್ಟು, ಕೆಳಗಿನ ಗುಂಡಿಯನ್ನು ಪೂರ್ತಿ ಒತ್ತಿ.

4. ಉಸಿರಿಲ್ಲದಿದ್ದರೆ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು, ಐದು ಸೆಕೆಂಡಿಗೊಮ್ಮೆ ಉಸಿರು ಕೊಡಿ. ಎದೆ ಮೇಲೇಳುವುದು ಕಾಣಬೇಕು. ಎದೆ ಒತ್ತುವ ತರಬೇತಿ ಇದ್ದವರು, ಇಲ್ಲವೆ ಫೋನಿನಲ್ಲಿ ಮಾತಾಡುವವರು ಹೇಳಿದಂತೆ, ಅದನ್ನೂ ಮಾಡಬೇಕು.

5. ಮೈಮೇಲೆ ಫೆಂಟನಿಲ್ ಪಟ್ಟಿ ಅಂಟಿಸಿದ್ದರೆ ಕಿತ್ತು ತೆಗೆಯಿರಿ.

6. ಎರಡು ಮೂರು ನಿಮಿಷಗಳಲ್ಲಿ ಚೇತರಿಕೆ ಕಾಣದಿದ್ದರೆ ಎರಡನೆಯ ಸ್ಪ್ರೇಯನ್ನು ಇನ್ನೊಂದು ಹೊಳ್ಳೆಗೆ ಕೊಡಿ.

7. ಉಸಿರು ಬಂದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ವಾಂತಿಯಾದರೂ ಉಸಿರುಗಟ್ಟದಿರಲಿ. ಪಕ್ಕದಿಂದ ಕದಲಬೇಡಿ.

ಮಾಡಬಾರದ್ದು ಇಷ್ಟು: ತಣ್ಣೀರಿನಲ್ಲಿ ಮುಳುಗಿಸಬಾರದು, ಹೊಡೆಯಬಾರದು, ವಾಂತಿ ಮಾಡಿಸಬಾರದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಕಾಫಿ, ಮಜ್ಜಿಗೆ ಏನನ್ನೂ ಹಾಕಬಾರದು. ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು ಮುಂತಾದವುಗಳಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ.

ಕಣ್ಣು ತೆರೆದ ಮೇಲೆ

ರೋಗಿ ಕಣ್ಣು ತೆರೆದೊಡನೆ ಮನೆಯವರು ನಿಟ್ಟುಸಿರು ಬಿಟ್ಟು, ‘ಇನ್ನು ಆಸ್ಪತ್ರೆ ಬೇಡ’ ಎನ್ನುವುದುಂಟು. ಇದು ಅಪಾಯಕರ. ನಲೋಕ್ಸೋನ್ ಪ್ರಭಾವ 30ರಿಂದ 90 ನಿಮಿಷ ಮಾತ್ರ ಇರುತ್ತದೆ. ಮೆಥಡೋನ್ ಅಥವಾ ನಿಧಾನವಾಗಿ ಕರಗುವ ಮಾರ್ಫಿನ್ ಮಾತ್ರೆ ಅದಕ್ಕಿಂತ ಬಹಳ ಹೊತ್ತು ದೇಹದಲ್ಲಿರುತ್ತದೆ. ನಲೋಕ್ಸೋನ್ ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದು. ಆಸ್ಪತ್ರೆಗೆ ಹೋಗಲೇಬೇಕು.

ಇನ್ನೊಂದು ಮಾತು. ಎದ್ದವರು ನಿಮಗೆ ಕೃತಜ್ಞತೆ ಹೇಳದಿರಬಹುದು. ಅಡಗಿದ್ದ ನೋವು ಒಮ್ಮೆಲೇ ಮರಳುತ್ತದೆ. ನಡುಕ, ಬೆವರು, ವಾಂತಿ, ಸಿಟ್ಟು ಬರಬಹುದು. ‘ನನ್ನನ್ನು ಯಾಕೆ ಎಬ್ಬಿಸಿದೆ?’ ಎಂದು ಬೈದರೂ ಅದು ಔಷಧಿಯ ಪರಿಣಾಮವೆಂದು ತಿಳಿದು, ಮೆಲುದನಿಯಲ್ಲಿ ಏನಾಯಿತೆಂದು ಹೇಳಿ, ಇನ್ನೊಂದು ಮಾತ್ರೆ ತೆಗೆದುಕೊಳ್ಳದಂತೆ ನೋಡಿಕೊಳ್ಳಬೇಕು.

ಕಲಿಸುವವರಿಗೆ ಎರಡು ಮಾತು

ಕೈಗೆ ಪತ್ರವೊಂದನ್ನು ಕೊಟ್ಟರೆ ಪಾಠ ಮುಗಿಯಲಿಲ್ಲ. “ಅರ್ಥವಾಯಿತೇ?” ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು, “ಅಮ್ಮಾ, ರಾತ್ರಿ ಎರಡು ಗಂಟೆಗೆ ಇವರು ಏಳಲಿಲ್ಲವೆಂದುಕೊಳ್ಳಿ. ನೀವು ಮೊದಲು ಏನು ಮಾಡುತ್ತೀರಿ? ಮಾಡಿ ತೋರಿಸಿ” ಎನ್ನಬೇಕು. ತಪ್ಪಿದ ಹೆಜ್ಜೆಯನ್ನು ಗದರದೆ ತಿದ್ದಿ, ಇನ್ನೊಮ್ಮೆ ಮಾಡಿಸಬೇಕು. ಔಷಧಿಯಿಲ್ಲದ ಅಭ್ಯಾಸದ ಸ್ಪ್ರೇಗಳೂ ಇದಕ್ಕೆಂದೇ ಇವೆ.

ಇನ್ನು ಇಡುವ ಜಾಗ. ನೋವಿನ ಮಾತ್ರೆಗಳು ಬೀಗದೊಳಗೆ ಇರಬೇಕು. ನಲೋಕ್ಸೋನ್ ಬೀಗವಿಲ್ಲದ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿರಬೇಕು. ಬಿಸಿಲು ಬೀಳದಿರಲಿ. ಅವಧಿ ಮುಗಿಯುವ ತಾರೀಖನ್ನು ಆಗಾಗ ನೋಡಿ.

ಇದು ವ್ಯಸನಕ್ಕೆ ಕುಮ್ಮಕ್ಕಲ್ಲವೇ?

ಈ ಪ್ರಶ್ನೆಯನ್ನು ಒಳ್ಳೆಯ ಮನಸ್ಸಿನವರೇ ಕೇಳುತ್ತಾರೆ. ನಲೋಕ್ಸೋನ್ ಹಂಚಿದ್ದರಿಂದ ವ್ಯಸನ ಹೆಚ್ಚಿತೆಂದು ಅಧ್ಯಯನಗಳಲ್ಲಿ ಗಟ್ಟಿಯಾದ ಪುರಾವೆ ಕಂಡುಬಂದಿಲ್ಲ. ಕಜಕಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ, ಉಕ್ರೇನ್ ದೇಶಗಳಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸುಮಾರು 14,000 ಜನರಿಗೆ ಈ ತರಬೇತಿ ನೀಡಿದವು. ಅವರು ಕಣ್ಣಾರೆ ಕಂಡ ಅಪಾಯದ ಸಂದರ್ಭಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಬಾರಿ ನಲೋಕ್ಸೋನ್ ಬಳಸಿದರು, ಹೆಚ್ಚುಕಡಿಮೆ ಎಲ್ಲರೂ ಬದುಕಿ ಉಳಿದರು. ಸತ್ತವನಿಗೆ ಪಶ್ಚಾತ್ತಾಪಕ್ಕೂ ಅವಕಾಶವಿಲ್ಲ, ಚಿಕಿತ್ಸೆಗೂ ಅವಕಾಶವಿಲ್ಲ. ವ್ಯಸನಿಯ ಚಿಕಿತ್ಸೆ ಆರಂಭವಾಗಬೇಕಾದರೆ ಮೊದಲು ಆತ ಬದುಕಿರಬೇಕು.

ಪೊಲೀಸರ ಭಯದಿಂದ ಫೋನ್ ಮಾಡದೆ ಓಡಿಹೋಗುವವರಿಗಾಗಿ, ಸಹಾಯಕ್ಕೆ ಕರೆದವರನ್ನು ರಕ್ಷಿಸುವ ಕಾನೂನನ್ನು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2007ರಲ್ಲಿ ಮೊದಲು ತಂದಿತು. ಇಂಥ ಕಾನೂನುಗಳನ್ನು ಅಲ್ಲಿ ದಯಾಳು ಸಮಾರಿಯದವನ ಹೆಸರಿನಿಂದಲೇ ಕರೆಯುತ್ತಾರೆ. ಆತ ಗಾಯಗೊಂಡವನ ಜಾತಿ, ನಡತೆ ವಿಚಾರಿಸಿದವನಲ್ಲ.

ನಮ್ಮ ಮನೆಗಳಲ್ಲಿ

ನಮ್ಮಲ್ಲಿ ನಲೋಕ್ಸೋನ್ ಮುಖ್ಯವಾಗಿ ಚುಚ್ಚುಮದ್ದಿನ ರೂಪದಲ್ಲಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ವೈದ್ಯರ ಚೀಟಿ ಬೇಕು. ಆದ್ದರಿಂದ ಮನೆಯಲ್ಲಿ ಮಾರ್ಫಿನ್ ತೆಗೆದುಕೊಳ್ಳುವವರಿದ್ದರೆ, ತುರ್ತು ಸಂದರ್ಭದಲ್ಲಿ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ವೈದ್ಯರನ್ನು ಮೊದಲೇ ಕೇಳಿಡಿ. ಗುರುತುಗಳು, ಬಾಯಿಯಿಂದ ಉಸಿರು ಕೊಡುವುದು, ಮಗ್ಗುಲಿಗೆ ಮಲಗಿಸುವುದು, ಇವನ್ನು ಕಲಿಯಲು ಚೀಟಿ ಬೇಕಿಲ್ಲ.

ಆದರೆ ಈ ಲೇಖನ ಓದಿ ಯಾರೂ ಮಾರ್ಫಿನ್‌ಗೆ ಹೆದರಬಾರದು. ನೋವಿಗೆ ತಕ್ಕಂತೆ, ಸ್ವಲ್ಪ ಸ್ವಲ್ಪವಾಗಿ ಏರಿಸಿ ವೈದ್ಯರು ಕೊಡುವ ಮಾರ್ಫಿನ್‌ನಿಂದ ಉಸಿರು ನಿಲ್ಲುವುದು ವಿರಳ. ನಮ್ಮ ದೇಶದಲ್ಲಿ ನೋವಿನಿಂದ ನರಳುವ ಅನೇಕರಿಗೆ ಅದು ಸಿಗದಿರುವುದೇ ದೊಡ್ಡ ಕೊರತೆಯಾಗಿತ್ತು. 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿ ತಂದದ್ದು ಆ ತೊಡಕನ್ನು ನಿವಾರಿಸಲೆಂದೇ. ಸಾವನ್ನು ಬಯಸದೆ, ನೋವನ್ನು ತಗ್ಗಿಸುವುದಕ್ಕಾಗಿ ಇಂಥ ಔಷಧಿ ಕೊಡುವುದನ್ನು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಒಪ್ಪುತ್ತದೆ.

ಅಂತಿಮ ದಿನಗಳಲ್ಲಿರುವ ರೋಗಿಯ ವಿಷಯ ಬೇರೆ. ಸಾವು ಸಮೀಪಿಸಿದಾಗ ನಿದ್ರೆ ಹೆಚ್ಚುವುದು, ಉಸಿರಿನ ಲಯ ಬದಲಾಗುವುದು ಸಹಜ. ಆಗ ನಲೋಕ್ಸೋನ್ ಕೊಟ್ಟರೆ ಆ ಜೀವಕ್ಕೆ ನೋವನ್ನಷ್ಟೇ ಮರಳಿಸಿದಂತಾದೀತು. ಅಲ್ಲಿ ಉಪಶಾಮಕ ಚಿಕಿತ್ಸೆಯ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮನೆಯಲ್ಲಿ ಕುಳಿತು ಚರ್ಚಿಸಲು

1. ನಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಅಫೀಮು ವರ್ಗದ ನೋವಿನ ಮಾತ್ರೆ ತೆಗೆದುಕೊಳ್ಳುವವರು ಯಾರು? ಆ ಮಾತ್ರೆ ಎಲ್ಲಿದೆ? ಮಕ್ಕಳ ಕೈಗೆಟಕುತ್ತದೆಯೇ?

2. ಚಿಕಿತ್ಸೆ ಮುಗಿದ ಮೇಲೆ ಉಳಿದ ಮಾತ್ರೆಗಳನ್ನು ಏನು ಮಾಡಿದ್ದೇವೆ? ಆಸ್ಪತ್ರೆಗೆ ಹಿಂದಿರುಗಿಸಬಹುದೇ?

3. ರಾತ್ರಿಯ ಹೊತ್ತು ಆ ರೋಗಿಯ ಕೋಣೆಯಲ್ಲಿ ಮಲಗುವವರಿಗೆ ಈ ಗುರುತುಗಳು ಗೊತ್ತಿವೆಯೇ?

4. ವಿದೇಶದಲ್ಲಿರುವ ನಮ್ಮ ಮಕ್ಕಳೊಡನೆ, ಬೈಗುಳ ಅನುಮಾನಗಳಿಲ್ಲದೆ, ಈ ವಿಷಯ ಮಾತಾಡಬಲ್ಲೆವೇ?

5. ನಮ್ಮ ಧರ್ಮಕೇಂದ್ರದಲ್ಲಿರುವ ನರ್ಸ್‌ಗಳನ್ನು ಕರೆದು, ಒಂದು ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಈ ಹೆಜ್ಜೆಗಳನ್ನು ಎಲ್ಲರಿಂದಲೂ ಮಾಡಿಸಿ ನೋಡಲು ಸಾಧ್ಯವೇ?

ಐದನೆಯ ಪ್ರಶ್ನೆಗೆ ‘ಹೌದು’ ಎಂದರೆ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವವರನ್ನು ಮೊದಲ ಸಾಲಿನಲ್ಲಿ ಕೂರಿಸಿರಿ.